ವರ್ನನ್ ಟೀಲನ ಆರನೇ ಆಲ್ಬಮ್

“ಹಲೋ... ಹಲೋ, ಯಾರು ಮಾತಾಡ್ತಿರೋದು? ಉಗ್ಗಪ್ಪ ಅಂಕಲ್ಲಾ?... ಅಂಕಲ್, ನಾನು ರೋಹಿಣಿ. ಬುಕಿತ್ ಪಂಜಾಂಗ್‌ನಿಂದ, ಪ್ರಭುದೇವ ಅವರ ಮಿಸೆಸ್ಸು... ಹಾಂ, ನಾನೇ. ಬೆಳಿಗ್ಗೆಯಿಂದ ಹತ್ತೊಂಬತ್ತು ಸಲ ಟ್ರೈ ಮಾಡಿದೀನಿ...”

ಹತ್ತೊಂಬತ್ತಲ್ಲ, ಇಪ್ಪತ್ತಮೂರು. ಸಂಕೋಚಕ್ಕೆ ನಾಲ್ಕು ಕಡಿಮೆ ಹೇಳಿದಳು. ಉಗ್ಗಪ್ಪ ಅಂಕಲ್ ಉಡುಪಿ ಕಡೆಯವರು, ಶಿಪ್‌ಯಾರ್ಡಿನ ಸ್ಟೋರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆಗಿ ಸಿಂಗಪುರದ ಇನ್ನೊಂದು ಕಡೆ, ಕಲ್ಲಾಂಗಿನಲ್ಲಿ ಒಬ್ಬರೇ ಇರುವವರು. ಮಂಗಳವಾರ ಬಂತೆಂದರೆ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಈಜಲು ಹೋಗುತ್ತಾರೆ, ಅಲ್ಲೇ ಹಾಕರ್ ಸೆಂಟರಿನಲ್ಲಿ ಊಟ ಮುಗಿಸಿ ಎರಡು ಗಂಟೆಗೆ ಮರಳುತ್ತಾರೆ. ಅವರು ನೀರಿನಲ್ಲಿ ಹಾಯಾಗಿದ್ದಷ್ಟು ಹೊತ್ತೂ ಇಲ್ಲಿ ರೋಹಿಣಿಗೆ ಜೀವ ಬಾಯಿಗೆ ಬಂದಿತ್ತು. ಈಗ ಎರಡು ಗಂಟೆ ಐದು ನಿಮಿಷ. ಆ ಕಡೆಯವರ ಮಾತು ನಮಗೆ ಕೇಳಿಸುವುದಿಲ್ಲ. ನಾವು ಈ ಅಡುಗೆಮನೆಯಲ್ಲಿ, ಸಿಂಕಿನ ಅಂಚು ಹಿಡಿದುಕೊಂಡ ರೋಹಿಣಿಯ ಪಕ್ಕದಲ್ಲಿ ನಿಂತವರು.

“ಇಲ್ಲ ಅಂಕಲ್, ಇವರು ಹುಷಾರಾಗೇ ಇದಾರೆ. ಅದಲ್ಲ... ನಿನ್ನೆ ನೀವು ಮನೆಗೆ ಬಂದಿದ್ರಂತೆ, ನಾನು ಆಫೀಸಲ್ಲಿದ್ದೆ... ಅತ್ತೆ ನಿಮಗೊಂದು ಬ್ಯಾಗ್ ಕೊಟ್ರಾ? ರೆಕಾರ್ಡ್ಸು, ದೊಡ್ಡ ದೊಡ್ಡ ರೆಕಾರ್ಡ್ಸು, ಕವರ್ ಸಮೇತ?... ಕೊಟ್ರಲ್ವಾ. ಅದು ಎಲ್ಲಿದೆ ಈಗ?... ಯಾರಿಗೂ ಕೊಟ್ಟಿಲ್ಲ ತಾನೆ?... ಕೊಟ್ಟಿಲ್ಲ ತಾನೆ ಅಂಕಲ್?”

ಕೊಟ್ಟಿರಲಿಲ್ಲ. ಸಂಜೆ ಯಾವುದೋ ಹಳೇ ರೆಕಾರ್ಡಿನ ಅಂಗಡಿಗೆ ಒಯ್ಯುವವರಿದ್ದರು. ಬ್ಯಾಗು ಇನ್ನೂ ಅವರ ಸೋಫಾದ ಪಕ್ಕದಲ್ಲೇ ಇತ್ತು. ರೋಹಿಣಿ ಒಮ್ಮೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಿಟ್ಟ ಉಸಿರನ್ನು ಎಳೆದುಕೊಳ್ಳುವ ಮೊದಲೇ ಆ ಕಡೆಯಿಂದ ಇನ್ನೊಂದು ಮಾತು ಬಂತು, ಅವಳ ಮುಖ ಮತ್ತೆ ಇಳಿದುಹೋಯಿತು.

“ಮಾತು ಕೊಟ್ಟಿದೀರಾ? ಏನಂತ?... ದೇವರ ಮುಂದೆ ನಿಲ್ಲಿಸಿ ಹೇಳಿಸಿದ್ರಾ? ಈ ಮನೆಗೆ ತಿರುಗಿ ತರಲ್ಲ ಅಂತ?... ಅಂಕಲ್, ಅತ್ತೆ ಹಿರಿಯರು, ನನಗೆ ಗೊತ್ತು. ಎಪ್ಪತ್ತೆಂಟು ವರ್ಷ ಅವರಿಗೆ. ಆದ್ರೆ ನನ್ನ ಮಾತು ಒಂದು ನಿಮಿಷ ಕೇಳಿ. ಒಂದೇ ನಿಮಿಷ. ಆಮೇಲೆ ತರಬೇಕೋ ಬೇಡವೋ ನೀವೇ ಹೇಳಿ.”

ಒಂದು ನಿಮಿಷದಲ್ಲಿ ಹೇಳುವ ವಿಷಯವೇ ಅದು? ಆದರೂ ಹೇಳಬೇಕಿತ್ತು.

ಎರಡು ವರ್ಷದ ಹಿಂದೆ ಪ್ರಭುದೇವನಿಗೆ ಸ್ಟ್ರೋಕ್ ಆಯಿತು. ಶಿಪ್‌ಯಾರ್ಡಿನಲ್ಲಿ ಅಷ್ಟೆತ್ತರದ ಹಡಗುಗಳ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ, ಆಗ ಐವತ್ತೆರಡು ವರ್ಷ. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ಬುದ್ಧಿ ಮಾತ್ರ ಎಲ್ಲಿದ್ದುದು ಅಲ್ಲೇ ಇತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದ್ದೀತು? ಸ್ಪೀಚ್ ಥೆರಪಿಯವರು ಒಂದು ಚಿತ್ರದ ಬೋರ್ಡು ಕೊಟ್ಟರು. ಲೋಟ, ಹಾಸಿಗೆ, ಟಾಯ್ಲೆಟ್ಟು, ನಗುವ ಸೂರ್ಯ. ಬೇಕಾದ್ದನ್ನು ಮುಟ್ಟಿ ತೋರಿಸಬೇಕು. ಪ್ರಭುದೇವ ಆ ನಗುವ ಸೂರ್ಯನನ್ನು ಒಂದು ಗಳಿಗೆ ನೋಡಿ ಬೋರ್ಡನ್ನು ಬೋರಲು ಹಾಕಿದ. ಮಾರನೇ ದಿನ ಎದ್ದು ಗೋಡೆ ಪಕ್ಕದ ಶೆಲ್ಫಿಗೆ ಹೋಗಿ, ಎಡಗೈಯಿಂದ ಒಂದು ರೆಕಾರ್ಡ್ ಎಳೆದು ತಂದು ರೋಹಿಣಿಯ ಮಡಿಲಲ್ಲಿಟ್ಟ. ಕವರಿನ ಮೇಲೆ ಬಯಲ ನಡುವಿನ ರಸ್ತೆ, ಅದರಲ್ಲೊಂದು ಟ್ರಕ್ಕು. ಅವಳು ಕಣ್ಣು ಕಣ್ಣು ಬಿಟ್ಟಳು. ಅವನು ಬಾಗಿಲ ಕಡೆ ನೋಡಿದ. ಅವತ್ತು ಇಬ್ಬರೂ ಎಲ್‌ಆರ್‌ಟಿ ರೈಲು ಹತ್ತಿ ಬುಕಿತ್ ಪಂಜಾಂಗನ್ನು ಎರಡು ಸುತ್ತು ಹಾಕಿ ಬಂದರು.

ಶೆಲ್ಫಿನಲ್ಲಿದ್ದುದು ಒಬ್ಬನೇ ಹಾಡುಗಾರನ ಹದಿನಾಲ್ಕು ಆಲ್ಬಮ್‌ಗಳು. ವರ್ನನ್ ಟೀಲ್ ಅಂತ. ಅಮೆರಿಕದ ಯಾವುದೋ ಸಣ್ಣ ಊರಿನವನು. ಕೈಯಲ್ಲಿ ಗಿಟಾರು, ಕೊರಳಿಗೆ ಕಟ್ಟಿದ ಮೌತ್ ಆರ್ಗನ್ನು, ಜಲ್ಲಿಕಲ್ಲು ಸುರಿದಂಥ ದನಿ. ಟ್ರಕ್ ಡ್ರೈವರುಗಳು, ಮುಚ್ಚಿಹೋದ ಗಿರಣಿ, ಬಿಟ್ಟುಹೋದ ಹೆಂಡತಿ, ಇವೇ ಅವನ ಹಾಡು. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬನ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು ಪ್ರಭುದೇವನಿಗೆ. ಬಾಗಲಕೋಟೆಯ ಹುಡುಗನಿಗೂ ಆ ಗಿರಣಿ ಊರಿಗೂ ಎತ್ತಣ ಸಂಬಂಧವೋ. ಸಿಂಗಪುರಕ್ಕೆ ಬಂದ ಮೇಲೆ ಒಂದೊಂದೇ ಎಲ್‌ಪಿ ಹುಡುಕಿ, ಆಲ್ಬಮ್ ಬಂದ ವರ್ಷದ ಪ್ರಕಾರ ಎಡದಿಂದ ಬಲಕ್ಕೆ ಜೋಡಿಸಿಟ್ಟಿದ್ದ. ಮಾತು ಹೋದ ಮೇಲೆ ಆ ಹದಿನಾಲ್ಕು ಕವರೇ ಅವನ ಬಾಯಾಯಿತು. ಮೂರನೆಯದು, ಅಂದರೆ ಟ್ರಕ್ಕು, ಹೊರಗೆ ಹೋಗೋಣ. ನಾಲ್ಕನೆಯದರ ಜಗಲಿ ಮೇಲಿನ ನಾಯಿ ಕೈಗೆ ಬಂತೆಂದರೆ ನನ್ನ ತಂಟೆಗೆ ಬರಬೇಡ. ರೋಹಿಣಿಗೆ ಹಾಡುಗಳು ಇವತ್ತಿಗೂ ಅಷ್ಟಾಗಿ ಹಿಡಿಸಿಲ್ಲ. ಕವರುಗಳು ಮಾತ್ರ ಕಣ್ಣುಮುಚ್ಚಿದರೂ ಕಾಣುತ್ತವೆ.

“ಅಂಕಲ್, ಇವತ್ತು ಮೂರು ಗಂಟೆಗೆ ಡಾಕ್ಟರ್ ಬರ್ತಿದಾರೆ... ಇಲ್ಲ, ಚೆಕಪ್‌ಗಲ್ಲ. ನರ್ಸಿಂಗ್ ಹೋಮಲ್ಲಿ ಬೆಡ್ ಖಾಲಿಯಾಗಿದೆ. ಇವರನ್ನ ಅಲ್ಲಿಗೆ ಕಳಿಸಬೇಕಾ ಅಂತ ಇವತ್ತೇ ಡಿಸೈಡ್ ಆಗುತ್ತೆ... ಎರಡು ಸಲ ಬಿದ್ರಲ್ಲ, ನಾನು ಆಫೀಸಲ್ಲಿದ್ದಾಗ. ಅದಕ್ಕೆ... ಶುಕ್ರವಾರ ಸೋಶಿಯಲ್ ವರ್ಕರ್ ಬಂದು ನರ್ಸಿಂಗ್ ಹೋಮ್ ಓಕೇನಾ ಅಂತ ಇವರನ್ನ ಕೇಳಿದ್ರು. ಇವರು ತಲೆ ಆಡಿಸಿಬಿಟ್ರು... ಅವರು ಎಲ್ಲದಕ್ಕೂ ಆಡಿಸ್ತಾರೆ. ಹೌದಕ್ಕೂ ಅಷ್ಟೇ, ಬೇಡಕ್ಕೂ ಅಷ್ಟೇ, ಆ ತಲೆ ಅವರ ಮಾತು ಕೇಳಲ್ಲ ಈಗ... ಹೇಳಿದೆ. ಡಾಕ್ಟರ್‌ಗೂ ಹೇಳಿದೆ. ಅವರು ಒಳ್ಳೆಯವರು. ಕವರ್ ಹಿಡಿದು ಹೇಳ್ತಾರಾ, ಹಾಗಾದ್ರೆ ನಾನೇ ಬಂದು ನೋಡ್ತೀನಿ, ಎರಡು ಸಲ ಕೇಳಿದಾಗ ಎರಡು ಸಲವೂ ಒಂದೇ ಉತ್ತರ ಕೊಟ್ರೆ ಬರ್ಕೊಳ್ತೀನಿ ಅಂದ್ರು. ಇಲ್ಲಾಂದ್ರೆ ಶುಕ್ರವಾರದ ತಲೆ ಆಡಿಸಿದ್ದೇ ಅವರ ಒಪ್ಪಿಗೆ...”

ಉಗ್ಗಪ್ಪ ಅಂಕಲ್ ನ್ಯಾಯವಾದ ಪ್ರಶ್ನೆಯನ್ನೇ ಕೇಳಿರಬೇಕು. ಹೆಂಡತಿ ನೀನಿದ್ದೀಯಲ್ಲ, ಬೇಡ ಅಂದರೆ ಮುಗಿಯಿತಲ್ಲ ಅಂತ.  ಕಿಟಕಿಯಾಚೆ ಎಲ್‌ಆರ್‌ಟಿ ಹಾದುಹೋಯಿತು. ಹಾಲಿನಲ್ಲಿ ಪ್ರಭುದೇವ ಕುರ್ಚಿಯಲ್ಲಿ ಕೂತಿದ್ದ, ಬೆನ್ನು ಈ ಕಡೆ. ಬೆಳಿಗ್ಗೆಯಿಂದ ಖಾಲಿ ಶೆಲ್ಫನ್ನು ನೋಡುತ್ತಲೇ ಕೂತಿದ್ದಾನೆ.

“ನನ್ನ ಮಾತು ಬೇಡವಂತೆ, ಅವರದೇ ಬೇಕಂತೆ... ಅದೂ ಸರೀನೇ ಅಂಕಲ್. ನಿಮ್ಮ ಹತ್ರ ಯಾಕೆ ಮುಚ್ಚಿಡಲಿ? ಒಂದೊಂದು ದಿನ ನನಗೂ ಅನಿಸುತ್ತೆ, ಹೋಗ್ಲಿ, ನಾನೂ ಸ್ವಲ್ಪ ಮಲಗ್ತೀನಿ ಅಂತ. ಅನಿಸಿದೆ. ಹೋದ ವಾರವೂ ಅನಿಸಿತು... ಅದಕ್ಕೇ ಭಯ. ನಾನು ಬಾಯಿಬಿಟ್ರೆ ಅದು ಅವರ ಮಾತೋ ನನ್ನ ಸುಸ್ತಿನ ಮಾತೋ ನನಗೇ ಗೊತ್ತಾಗಲ್ಲ. ಅವರ ಬಾಯಿಂದಲೇ ಬರಬೇಕು. ಆ ಬಾಯಿ ನಿಮ್ಮ ಸೋಫಾ ಪಕ್ಕ ಇದೆ ಅಂಕಲ್.”

 ರೋಹಿಣಿ ಎರಡು ಸಲ ಹಲೋ ಅಂದಳು. ಆಮೇಲೆ ಬ್ಯಾಗಿನ ಜಿಪ್ಪು ಸರಿದ ಸದ್ದು ಕೇಳಿರಬೇಕು, ಅವಳ ಕಣ್ಣು ತುಂಬಿಕೊಂಡವು. ದೇವರ ಮುಂದೆ ಕೊಟ್ಟ ಮಾತನ್ನು ಮುರಿಯುವುದು ಎಪ್ಪತ್ತರ ಮನುಷ್ಯನಿಗೆ ಸುಲಭವಲ್ಲ. ಅವರು ಏನೂ ಹೇಳದೆ ಮುರಿದರು.

“ಹಾಂ, ಎಲ್ಲಾ ಇದೆಯಾ ನೋಡಿಬಿಡಿ ಅಂಕಲ್. ಹದಿನಾಲ್ಕು ಇರಬೇಕು. ಹೇಳ್ತಾ ಹೋಗಿ... ಕೊಟ್ಟಿಗೆ ಮುಂದೆ ನಿಂತಿರೋದು, ಬ್ಲಾಕ್ ಅಂಡ್ ವೈಟ್? ಅದೇ ಮೊದಲನೇದು. ಕೊಟ್ಟಿಗೆಯಲ್ಲೇ ನಾಲ್ಕು ದಿನ ಕೂತು ರೆಕಾರ್ಡ್ ಮಾಡಿದ್ದಂತೆ, ಹಾಡಿನ ಮಧ್ಯೆ ಕೋಳಿ ಕೂಗುತ್ತೆ. ಅದು ಇವರಿಗೆ ಊಟ... ಸೇತುವೆ, ಸರಿ, ಸ್ನಾನ... ಟ್ರಕ್ಕು... ನಾಯಿ... ಪೆಟ್ರೋಲ್ ಬಂಕು, ಖಾಲಿದು, ಅದು ಸುಸ್ತು. ಮುಂದೆ?... ಜನ ಜಾತ್ರೆ ಥರ? ಎರಡು ಡಿಸ್ಕ್ ಇರೋದು? ಅದು ಏಳನೇದು ಅಂಕಲ್, ಲೈವ್ ಆಲ್ಬಮ್ಮು. ಗೆಸ್ಟ್ಸ್ ಸಾಕು ಕಳಿಸು ಅಂತ. ಅದಕ್ಕೆ ಮುಂಚೆ ಒಂದಿರಬೇಕು... ಅಡಿಗೆಮನೆ ಟೇಬಲ್ಲು? ಅದು ಎಂಟು. ಅದಕ್ಕೆ ಮುಂಚೆ, ಆರನೇದು... ಮುದುಕನ ಕೈಗಳು, ಅದು ಕೊನೇದು, ಎಪ್ಪತ್ತು ದಾಟಿದ ಮೇಲೆ ಹಾಡಿದ್ದು. ನೋವು... ಅಂಕಲ್, ಆರನೇದು ನೋಡಿ. ಗುಂಡಿಯಲ್ಲಿ ಒಬ್ಬ ಕೂತಿದಾನೆ. ಚೌಕದ ಗುಂಡಿ... ಇಲ್ವಾ? ಒಂದರೊಳಗೆ ಒಂದು ಸೇರಿಕೊಂಡಿರಬಹುದು, ಬಿಡಿಸಿ ನೋಡಿ... ಎಷ್ಟಿದೆ ಒಟ್ಟು?... ಹದಿಮೂರಾ. ಇನ್ನೊಂದು ಸಲ ಎಣಿಸ್ತೀರಾ?”

ಎರಡನೇ ಸಲವೂ ಹದಿಮೂರೇ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ದ್ಯಾಮವ್ವ ನಿಂತಿದ್ದರು. ಮಗನನ್ನು ನೋಡಿಕೊಳ್ಳಲು ತಿಂಗಳ ಹಿಂದೆ ಬಾಗಲಕೋಟೆಯಿಂದ ಬಂದವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಸೆರಗಿನ ತುದಿ ಬಾಯಲ್ಲಿತ್ತು. ರೋಹಿಣಿ ಫೋನನ್ನು ಕಿವಿಯಿಂದ ತೆಗೆಯದೆ ಕೇಳಿದಳು.

“ಅತ್ತಿ, ಒಂದು ಕಡಿಮಿ ಐತ್ರಿ. ಕುಣ್ಯಾಗ ಕುಂತಾಂವನ ಚಿತ್ರ ಇದ್ದದ್ದು. ಎಲ್ಲೈತ್ರಿ?”

ದ್ಯಾಮವ್ವ ಬಾಯಿಂದ ಸೆರಗು ತೆಗೆದರು. ಸಿಂಕಿನ ಪಕ್ಕದ ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ಕಸ ಕೆಳಕ್ಕೆ ಸುರಿಯುವ ಚೂಟಿನ ತಗಡಿನ ಬಾಗಿಲು. ಡಿಸ್ಕನ್ನು ಒರಳುಕಲ್ಲಿಗೆ ಬಡಿದು ಮುರಿದು, ಕವರನ್ನು ಮಡಚಿ, ಹತ್ತನೇ ಮಹಡಿಯಿಂದ ಕೆಳಕ್ಕೆ ಹಾಕಿದ್ದರು. ಕಸದ ಲಾರಿ ಬೆಳಿಗ್ಗೆಯೇ ಬಂದು ಹೋಗಿತ್ತು.

“... ಅಂಕಲ್. ಅದು ಹೋಯ್ತು. ಆರನೇದು ಹೋಯ್ತು... ಅತ್ತೆ ಚೂಟಿಗೆ ಹಾಕಿಬಿಟ್ಟಿದಾರೆ... ಫೋನಲ್ಲಿ ಫೋಟೋ ತೋರಿಸಿದೆ, ನೋಡಲ್ಲ. ಬೆಳಿಗ್ಗೆ ಪ್ರಿಂಟ್ ತೆಗೆಸ್ಕೊಂಡು ಬಂದೆ, ಆ ಥೆರಪಿ ಬೋರ್ಡ್ ಥರ ಅದನ್ನೂ ಬೋರಲು ಹಾಕಿದ್ರು. ಅವರು ಎದ್ದು ಹೋಗಿ, ಜಾಗ ಎಣಿಸಿ, ಕೈಯಲ್ಲಿ ಎಳೀಬೇಕು. ಆ ಕೈಗೆ ಅದೇ ಗೊತ್ತಿರೋದು... ಅದೇ ಯಾಕೆ ಬೇಕು ಅಂತಾನಾ? ಅಂಕಲ್, ಅವರ ಬಾಯಲ್ಲಿ ಮನೆ ಅನ್ನೋದೇ ಅದು.”

ಆರನೇ ಆಲ್ಬಮ್ಮಿನ ಕಥೆ ಹೀಗೆ. ಹತ್ತು ವರ್ಷ ಊರೂರು ತಿರುಗಿ ಹಾಡಿ ದಣಿದ ವರ್ನನ್ ಟೀಲ್ ಒಂದು ತುಂಡು ಜಾಗ ತೆಗೆದುಕೊಂಡು ತಾನೇ ಮನೆಯ ಪಾಯ ಅಗೆದ. ಒಂಬತ್ತು ಹಾಡೂ ಮನೆ ಕಟ್ಟುವುದರ ಮೇಲೆ. ಕವರಿನಲ್ಲಿ ಅವನು ಆ ಪಾಯದ ಚೌಕ ಗುಂಡಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಹಣೆಗೆ ಸುಣ್ಣದ ಧೂಳು ಮೆತ್ತಿದೆ, ಕೊರಳಲ್ಲಿ ಅವನ ಮಗಳು ಹಾಕಿದ ಹಳದಿ ಹೂವಿನ ಮಾಲೆ. ಹೋದ ವರ್ಷ ಪ್ರಭುದೇವ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ರೋಹಿಣಿ ನಾಲ್ಕು ರೆಕಾರ್ಡ್ ಒಯ್ದಿದ್ದಳು. ಮೂರು ದಿನ ಅವನು ಇದೊಂದನ್ನೇ ಎದೆ ಮೇಲಿಟ್ಟುಕೊಂಡು ಮಲಗಿದ. ಮನೆಗೆ ಬಂದೊಡನೆ ತಾನೇ ಹೋಗಿ ಶೆಲ್ಫಿನಲ್ಲಿಟ್ಟ. ಮನೆಗೆ ಕರೆದುಕೊಂಡು ಹೋಗು ಅಂದದ್ದು ಅಂತ ಅವಳಿಗೆ ಆಗ ತಿಳಿಯಿತು.

“ನಿಮ್ಮಲ್ಲಿ ಸುಡ್ತಾರಲ್ವಾ ಅಂಕಲ್. ನಮ್ಮಲ್ಲಿ ಹೂಳೋದು... ಹಾಂ, ಕೂರಿಸಿ. ಚೌಕದ ಗುಂಡಿ ತೋಡಿ, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಕಾಲು ಮಡಿಸಿ ಕೂರಿಸ್ತಾರೆ... ಅದೇ. ಅದೇ ಚಿತ್ರ ಅತ್ತೆಗೆ ಕಂಡಿದ್ದು. ನಿನ್ನೆ ಮಧ್ಯಾಹ್ನ ಇವರು ಅದನ್ನ ತಂದು ಅಮ್ಮನ ಮುಖಕ್ಕೆ ಹಿಡಿದು, ತಮ್ಮ ಎದೆ ಮುಟ್ಟಿಕೊಂಡು ತೋರಿಸಿದಾರಂತೆ, ಬೆಳಿಗ್ಗೆ ಅತ್ತೆನೇ ಹೇಳಿದ್ರು. ಮೂರು ಸಲ... ನಾನು ಮನೆಯಲ್ಲೇ ಇರ್ತೀನಿ ಅಂತ ಇವರು. ನನ್ನನ್ನ ಮಣ್ಣಿಗೆ ಇಡು ಅಂತಿದಾನೆ ನನ್ನ ಮಗ ಅಂತ ಅವರು.”

ಈ ಮಾತು ಉಗ್ಗಪ್ಪ ಅಂಕಲ್ಲಿಗೆ ಹೇಳಿದ್ದು. ಕೇಳಿಸಿಕೊಂಡದ್ದು ದ್ಯಾಮವ್ವ. ಗಂಡನನ್ನೂ ಒಬ್ಬ ಮಗಳನ್ನೂ ಹಾಗೆ ಕೂರಿಸಿದ್ದನ್ನು ಕಣ್ಣಾರೆ ಕಂಡ ಜೀವ. ಮೂರನೇ ಸಲ ನೋಡುವ ಧೈರ್ಯ ಅವರಲ್ಲಿರಲಿಲ್ಲ, ಅದಕ್ಕೇ ರೆಕಾರ್ಡುಗಳನ್ನು ಸಾಗಹಾಕಿ, ರಾತ್ರಿ ಸೊಸೆಗೆ ಗೊತ್ತಾಗದಂತೆ, ಶ್ರಾವಣ ಸೋಮವಾರ ಅಂತ ಶೆಲ್ಫು ಒರೆಸಿ ಮೇಲೊಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಈಗ ಗೋಡೆಗೆ ಆನಿಕೊಂಡು ನಿಂತವರ ಮುಖ ನೋಡಲಾಗದೆ ರೋಹಿಣಿ ಆಚೆ ತಿರುಗಿದಳು. ಸಿಟ್ಟು ಬಂದಿತ್ತು, ಬೆಳಿಗ್ಗೆಯಿಂದ ಕೂಡಿಹಾಕಿದ ಸಿಟ್ಟು. ಯಾರ ಮೇಲೆ ಚೆಲ್ಲುವುದು?

“ಅಂಕಲ್, ಹದಿಮೂರನ್ನಾದ್ರೂ ತನ್ನಿ. ಟ್ರಕ್ಕು, ನಾಯಿ, ಊಟ ತೋರಿಸಿದ್ರೆ ಇವರು ತಲೆ ನೆಟ್ಟಗಿರೋ ಮನುಷ್ಯ ಅಂತ ಡಾಕ್ಟರ್‌ಗೆ ನಂಬಿಕೆ ಬರಬಹುದು. ಇನ್ನೊಂದಿನ ಟೈಮ್ ಕೊಡಬಹುದು... ಟ್ಯಾಕ್ಸಿ ನಾನು ಬುಕ್ ಮಾಡ್ಲಾ?... ಸರಿ, ನೀವೇ ಮಾಡಿ. ಫೋನ್ ಇಡಬೇಡಿ ಅಂಕಲ್, ಪ್ಲೀಸ್. ನೀವು ಟ್ಯಾಕ್ಸಿ ಹತ್ತಿದ್ರಿ ಅಂತ ಕೇಳೋವರೆಗೂ ಇಡಬೇಡಿ... ಚಪ್ಪಲಿ ಆಮೇಲೆ ಹುಡುಕಿ, ಯಾವುದಾದ್ರೂ ಹಾಕ್ಕೊಳಿ...”

ಅಷ್ಟರಲ್ಲಿ ಬಾಗಿಲಾಚೆಯ ಗೇಟಿನ ಬಳಿ ಯಾರೋ ಬೆಲ್ ಒತ್ತಿದರು. ಎರಡೂವರೆ ಗಂಟೆ. ಡಾಕ್ಟರ್ ಅರ್ಧ ಗಂಟೆ ಮೊದಲೇ ಬಂದಿದ್ದರು, ಜೊತೆಗೆ ಸೋಶಿಯಲ್ ವರ್ಕರ್. ಇದಕ್ಕೆ ಮೊದಲಿನ ಮನೆಯ ಕೆಲಸ ಬೇಗ ಮುಗಿಯಿತಂತೆ. ಈ ಊರಿನಲ್ಲಿ ಬೇಗ ಬರುವುದೂ ಒಂದು ಮರ್ಯಾದೆ. ಇವತ್ತು ಆ ಮರ್ಯಾದೆ ಯಾರಿಗೆ ಬೇಕಾಗಿತ್ತು? ರೋಹಿಣಿ ನಗುವ ಪ್ರಯತ್ನ ಮಾಡಿ ಬಾಗಿಲು ತೆಗೆದಳು. ಫೋನು ಕಿವಿಯಲ್ಲೇ ಇತ್ತು.

“ಬಂದ್ಬಿಟ್ರು ಅಂಕಲ್... ಡಾಕ್ಟರ್. ಇಡಬೇಡಿ. ನೀವು ಮಾತಾಡ್ಬೇಡಿ, ಸುಮ್ಮನೆ ಲೈನಲ್ಲಿರಿ...”

ಡಾಕ್ಟರ್ ಕುರ್ಚಿ ಎಳೆದುಕೊಂಡು ಪ್ರಭುದೇವನ ಎದುರು ಕೂತರು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ನೀವು ಎಲ್ಲಿ ಇರಲು ಇಷ್ಟಪಡುತ್ತೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅವನು ತಲೆ ಆಡಿಸಿದ. ನರ್ಸಿಂಗ್ ಹೋಮಿನಲ್ಲೇ? ತಲೆ ಆಡಿಸಿದ. ಈ ಮನೆಯಲ್ಲೇ? ಅದಕ್ಕೂ ಆಡಿಸಿದ, ಆಡಿಸಿದ ಮೇಲೆ ತನ್ನ ತಲೆಯ ಮೇಲೆ ತನಗೇ ಸಿಟ್ಟು ಬಂದು ಎಡಗೈಯಿಂದ ಹಣೆ ಚಚ್ಚಿಕೊಂಡ. ಡಾಕ್ಟರ್ ಅವನ ಕೈ ಹಿಡಿದು ಇಳಿಸಿದರು. ರೆಕಾರ್ಡುಗಳು ಎಲ್ಲಿ ಅಂತ ರೋಹಿಣಿಯನ್ನು ಕೇಳಿದರು. ದಾರಿಯಲ್ಲಿವೆ ಅಂದಳು. ಸೋಶಿಯಲ್ ವರ್ಕರ್ ಏನೋ ಬರೆದುಕೊಂಡಳು.

“ಎಲ್ಲಿದೀರಿ ಅಂಕಲ್?... ಇನ್ನೂ ಮನೆ ಬಾಗಿಲಲ್ಲೇನಾ?... ಎಲ್ಲದಕ್ಕೂ ತಲೆ ಆಡಿಸ್ತಿದಾರೆ. ಎಲ್ಲದಕ್ಕೂ. ನನ್ನ ಕೈಲಿ ನೋಡಕ್ಕಾಗ್ತಿಲ್ಲ... ತಡೀರಿ. ತಡೀರಿ, ಎದ್ದರು.”

ಪ್ರಭುದೇವ ಎದ್ದಿದ್ದ. ಬಲಗಾಲು ಎಳೆಯುತ್ತ ಶೆಲ್ಫಿನ ಬಳಿ ಹೋದ. ಖಾಲಿ ಹಲಗೆಯ ಮೇಲೆ ಎಡಗೈ ಇಟ್ಟು ಎಡತುದಿಯಿಂದ ಸರಿಸುತ್ತ ಬಂದ. ಒಂದು, ಎರಡು, ಮೂರು. ಆರನೇ ಜಾಗದಲ್ಲಿ ಕೈ ನಿಂತಿತು. ಬೆರಳು ಮಡಚಿ ಎಳೆದ. ಅಲ್ಲಿ ಏನೂ ಇಲ್ಲ ಅಂತ ಅವನಿಗೆ ಬೆಳಿಗ್ಗೆಯಿಂದ ಗೊತ್ತು, ಆದರೂ ಮತ್ತೊಮ್ಮೆ ಎಳೆದ. ಆಮೇಲೆ ಶೆಲ್ಫಿನ ಕಂಬ ಹಿಡಿದುಕೊಂಡು ಮೆಲ್ಲಗೆ ಕೆಳಕ್ಕೆ ಜಾರತೊಡಗಿದ.

ಸೋಶಿಯಲ್ ವರ್ಕರ್ ಪೆನ್ನು ಬಿಟ್ಟು ಓಡಿದಳು. ಇದು ಮೂರನೇ ಸಲ ಬೀಳುತ್ತಿರುವುದು ಅಂತ ಅವಳ ಎಣಿಕೆ. ಡಾಕ್ಟರೂ ಎದ್ದರು. ಅಷ್ಟರಲ್ಲಿ ಪ್ರಭುದೇವ ನೆಲ ಮುಟ್ಟಿದ್ದ. ಸೋತ ಬಲಗಾಲನ್ನು ಎಡಗೈಯಿಂದ ಎತ್ತಿ ಮಡಿಸಿ ಒಳಕ್ಕೆಳೆದುಕೊಂಡ. ಅದರ ಮೇಲೆ ಎಡಗಾಲು ಹಾಕಿದ. ಬೆನ್ನು ನೆಟ್ಟಗೆ ಮಾಡಿದ. ಆರನೇ ಕವರು, ರೋಹಿಣಿಗೆ ಗೊತ್ತಾಯಿತು. ಹೇಳಬೇಕಾದ್ದು ಇಷ್ಟೇ ಇಷ್ಟು, ಆದರೆ ಅವಳು ಹೇಳಿದರೆ ಅದು ಅವನ ಮಾತಾಗುವುದಿಲ್ಲ. ಡಾಕ್ಟರೂ ಸೋಶಿಯಲ್ ವರ್ಕರೂ ಅವನ ಕಂಕುಳಿಗೆ ಕೈ ಹಾಕಿ ಎತ್ತಲು ಬಗ್ಗಿದ್ದರು.

ಅಡುಗೆಮನೆಯಿಂದ ದ್ಯಾಮವ್ವ ಬಂದರು. ಮಗ ಆ ಭಂಗಿಯಲ್ಲಿ ಕೂತದ್ದು ಕಂಡು ಒಂದು ಗಳಿಗೆ ಅವರ ಕಾಲು ಅಲ್ಲೇ ಕಚ್ಚಿಕೊಂಡವು. ಆಮೇಲೆ ನಡೆದು ಬಂದು ಇಬ್ಬರ ಕೈಯನ್ನೂ ಬಿಡಿಸಿದರು.

“ಎಬ್ಬಸಬ್ಯಾಡ್ರಿ. ಅಂವ ಬಿದ್ದಿಲ್ಲ. ಕುಂತಾನ.”

ಏನಂದರು ಅಂತ ಡಾಕ್ಟರ್ ರೋಹಿಣಿಯ ಮುಖ ನೋಡಿದರು. ಅವರು ಬಿದ್ದಿಲ್ಲವಂತೆ, ಕೂತಿದ್ದಾರಂತೆ, ಅಂತ ರೋಹಿಣಿ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟೇ ಹೇಳಿದಳು. ಮನೆ ಅನ್ನುವ ಪದ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡಳು.  ಡಾಕ್ಟರ್ ಬ್ಯಾಗು ಪಕ್ಕಕ್ಕಿಟ್ಟು ತಾವೂ ನೆಲದ ಮೇಲೆ ಕೂತರು. ಅದೇ ಪ್ರಶ್ನೆ ಮತ್ತೆ ಕೇಳಿದರು, ಎಲ್ಲಿ ಇರುತ್ತೀರಿ?

ಪ್ರಭುದೇವನ ತಲೆ ಆಡತೊಡಗಿತು. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಡಗೈಯಿಂದ ತಾನು ಕೂತ ನೆಲವನ್ನು ತಟ್ಟಿದ. ಡಾಕ್ಟರ್ ಗಡಿಯಾರ ನೋಡಿಕೊಂಡು ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಕೇಳಿದರು. ಅವನು ಇನ್ನೊಮ್ಮೆ ತಟ್ಟಿದ. ದ್ಯಾಮವ್ವ ಕಷ್ಟಪಟ್ಟು ಮಗನ ಪಕ್ಕದಲ್ಲೇ ಕುಕ್ಕರಿಸಿದರು. ಸೋಶಿಯಲ್ ವರ್ಕರ್ ತನ್ನ ಪೆನ್ನು ಹುಡುಕುತ್ತಿದ್ದಳು.

“ಅಂಕಲ್... ಅಂಕಲ್, ನೆಲ ತಟ್ಟಿದ್ರು. ಎರಡು ಸಲ. ಎರಡು ಸಲವೂ ಇಲ್ಲೇ ಅಂದ್ರು, ತಾವೇ ಅಂದ್ರು, ನಾನು ಏನೂ ಹೇಳಿಕೊಡಲಿಲ್ಲ. ಕೇಳಿಸ್ತಾ?... ಡಾಕ್ಟರ್ ಬರ್ಕೊಳ್ತಿದಾರೆ... ಹಲೋ?... ಲಿಫ್ಟಲ್ಲಿದೀರಾ ಅಂಕಲ್?... ಹಲೋ...”